ಸತ್ಯಾಂಶ: ನಮ್ಮೂರಿನ ಪ್ರೈವೇಟ್ ಬಸ್ಸಿಗೆ ಸರ್ಕಾರದ ಹಿಡಿತ ಇಲ್ವಾ?

ವಾಟ್ಸಾಪಿನಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ. ಮಂಗಳೂರು, ಉಡುಪಿಯಲ್ಲಿ ಬಸ್ಸುಗಳು ಚೆನ್ನಾಗಿ ಓಡಲು ಕಾರಣ ಸರ್ಕಾರ ಕೈ ಹಾಕದಿರುವುದು, ಹಾಗಾಗಿ ಎಲ್ಲ ಕಡೆಯೂ ಸರ್ಕಾರಿ ಬಸ್ ಮುಚ್ಚಿದರೆ ಸಾಕು ಎಂಬುದು ಅದರ ತಿರುಳು.

ನಮ್ಮ ಬಸ್ಸುಗಳ ಬಗ್ಗೆ ಹೆಮ್ಮೆ ಇರುವವರು ಇದನ್ನು ಹಂಚುತ್ತಾರೆ. ಆ ಹೆಮ್ಮೆ ಸರಿಯೇ, ನನಗೂ ಇದೆ. ಆದರೆ ಕಾರಣ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಇಲ್ಲದೆ ಬಸ್ ಓಡಿಸುವಂತಿಲ್ಲ. ಯಾವ ರೂಟ್, ಎಷ್ಟು ಹೊತ್ತಿಗೆ ಅನ್ನುವುದನ್ನು ಪರ್ಮಿಟ್ಟಿನಲ್ಲೇ ನಿಗದಿ ಮಾಡಬಹುದು. ಟಿಕೆಟ್ ದರ ಗೊತ್ತುಮಾಡುವ ಅಧಿಕಾರವೂ ರಾಜ್ಯ ಸರ್ಕಾರದ್ದೇ. ಅಂದರೆ ಮಾಲೀಕರು ಖಾಸಗಿ, ಚೌಕಟ್ಟು ಸರ್ಕಾರದ್ದು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಿಂದ ಹೊರಡುವ ಸಿಟಿ ಬಸ್ಸಿಗೂ ಇದೇ ಕಾನೂನು.

ಪೈಪೋಟಿಯಲ್ಲೂ ಎರಡು ಬಗೆ ಇದೆ. ಬ್ರಿಟನ್ನಿನಲ್ಲಿ 1986ರಲ್ಲಿ ಲಂಡನ್ ಹೊರಗೆ ಬಸ್ಸುಗಳನ್ನು ಸರ್ಕಾರದ ಹಿಡಿತದಿಂದ ಬಹುಮಟ್ಟಿಗೆ ಮುಕ್ತ ಮಾಡಿದರು. ಆದರೆ ಲಂಡನ್ನಿನಲ್ಲಿ ರೂಟ್ ಮತ್ತು ದರವನ್ನು ಸಾರ್ವಜನಿಕ ಸಂಸ್ಥೆಯೇ ಇಟ್ಟುಕೊಂಡು, ಓಡಿಸುವ ಕೆಲಸಕ್ಕೆ ಟೆಂಡರ್ ಕರೆಯುತ್ತದೆ. ರಸ್ತೆಯಲ್ಲಿ ಪ್ರಯಾಣಿಕರಿಗಾಗಿ ಓಟದ ಪೈಪೋಟಿಗಿಂತ ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಜನ ಕಡಿಮೆ ಇರುವ ಹಳ್ಳಿ ರೂಟಿಗೆ ಬಸ್ ಬೇಕಾದರೆ ಯಾರಾದರೂ ಹಣ ಕೊಡಲೇಬೇಕು, ಅಲ್ವಾ?

ಇಂಥ ಸಂದೇಶ ಬಂದಾಗ ಅದರಲ್ಲಿ ವರ್ಷ, ಆದೇಶ, ಕಾಯ್ದೆಯ ಹೆಸರು ಇದೆಯೇ ನೋಡಿ. ಕಾಯ್ದೆಯ 67 ಮತ್ತು 72ನೇ ಕಲಂ ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತವೆ. ನಿಮ್ಮ ರೂಟಿನ ಪರ್ಮಿಟ್, ಟೈಮಿಂಗ್ ಬೇಕಾದರೆ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು.