36ನೇ ಕಂಪ್ಯೂಟರ್

ನಮ್ಮ ಕಾಲೇಜ್ ಲ್ಯಾಬಲ್ಲಿ 36 ಕಂಪ್ಯೂಟರ್ ಇದಾವೆ. ಪ್ರತಿ ಸೆಮಿಸ್ಟರ್ ಶುರುವಾಗೋ ಮುಂಚೆ ಅಷ್ಟಕ್ಕೂ ಓಎಸ್ಸು, ಕಂಪೈಲರ್ರು, ಡೇಟಾಬೇಸು ಅಂತ ಹೊಸದಾಗಿ ಹಾಕ್ಬೇಕು, ಪೆನ್ ಡ್ರೈವ್ ಹಿಡ್ಕೊಂಡು ಒಂದೊಂದರ ಮುಂದೂ ಕೂತು ನೆಕ್ಸ್ಟ್ ನೆಕ್ಸ್ಟ್ ಒತ್ತೋದು, ಗಣಪತಿ ಹಬ್ಬಕ್ಕೆ ಮನೆಮನೆ ತಿರುಗಿ ಪಟ್ಟಿ ಎತ್ತೋರ ಹಾಗೆ.

ಹೋದ ವರ್ಷ ಸಾಕಾಗಿ ತಲೆ ಓಡಿಸಿದೆ. ಒಂದು ಕಂಪ್ಯೂಟರ್‌ಗೆ ಎಲ್ಲಾ ಹಾಕಿ ಅದರ ಇಮೇಜ್, ಅಂದ್ರೆ ಡಿಸ್ಕಿನ ಪೂರ್ತಿ ಪಡಿಯಚ್ಚು, ತೆಗೆದು ಸರ್ವರ್‌ನಲ್ಲಿಟ್ರೆ, ಮಿಕ್ಕಿದ್ದು ನೆಟ್‌ವರ್ಕ್‌ನಿಂದಲೇ ಬೂಟ್ ಆಗಿ, ಪರದೆ ಮೇಲೆ ಮೆನು ಬಂದು, ಹೋಟೆಲ್‌ನಲ್ಲಿ ಇಡ್ಲಿ ಬೇಕಾ ದೋಸೆ ಬೇಕಾ ಅಂದಂಗೆ ಯಾವುದು ಬೇಕೋ ಆರಿಸ್ಕೊಳ್ಳೋದು. ಹೊಸ ವಿದ್ಯೆ ಏನಲ್ಲ, ಹೀಗೆ ನೆಟ್‌ವರ್ಕ್‌ನಿಂದ ಬೂಟ್ ಆಗೋ ಪಿಎಕ್ಸ್‌ಇ ಅನ್ನೋದನ್ನ ಇಂಟೆಲ್‌ನವರು 1999ರ ಹೊತ್ತಿಗೇ ಬರೆದಿಟ್ಟಿದ್ದಾರೆ, ಇಮೇಜ್ ತೆಗೆದು ಹಾಕೋಕೆ ತೈವಾನ್‌ನವರ ಕ್ಲೋನ್‌ಜಿಲ್ಲಾ ಪುಕ್ಕಟೆ ಸಿಗುತ್ತೆ. ನಾನು ಮಾತ್ರ ಲೇಟು.

ಅಭಿಮಾನಕ್ಕೆ ಮೆನುವನ್ನ ಕನ್ನಡದಲ್ಲೇ ಬರೆದೆ. ಆ ಹೊತ್ತಲ್ಲಿ ಯಂತ್ರಕ್ಕೆ ಒತ್ತಕ್ಷರ ಹಾಗಿರಲಿ ‘ಅ’ ಕೂಡ ಗೊತ್ತಿರಲ್ಲ, ಪರದೆ ತುಂಬಾ ಏನೇನೋ ಸೊಟ್ಟ ಗೀಟು. ಅಟೆಂಡರ್ ನೋಡಿ "ಸರ್, ಇದು ಯಾವ ಭಾಷೆ?" ಅಂದ. ಅಳಿಸಿ ಇಂಗ್ಲಿಷ್‌ನಲ್ಲಿ ಬರೆದೆ.

ಆಮೇಲೆ ನನ್ನ ಜಾಣತನ ನೋಡಿ. 36 ಸಲ ಎಂಟರ್ ಯಾರು ಒತ್ತೋದು ಅಂತ ‘ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕು’ ಅನ್ನೋದನ್ನೇ ಡೀಫಾಲ್ಟ್ ಮಾಡಿದೆ, ಯಾರೂ ಏನೂ ಒತ್ತದಿದ್ರೆ ಅದೇ ಓಡುತ್ತೆ. ‘ನಿಜವಾಗ್ಲೂ ಅಳಿಸ್ಲಾ?’ ಅಂತ ಕ್ಲೋನ್‌ಜಿಲ್ಲಾ ಪಾಪ ಎರಡೆರಡು ಸಲ ಕೇಳುತ್ತೆ, ಅದನ್ನೂ ಬಾಯಿ ಮುಚ್ಚಿಸಿದೆ. ಮನಸ್ಸು ಬದಲಾದ್ರೆ ಅಂತ ಟೈಮ್‌ಔಟ್ 30 ಕೊಟ್ಟೆ. 30 ಸೆಕೆಂಡ್ ಅಂದ್ಕೊಂಡಿದ್ದೆ ಸ್ವಾಮಿ, ಆ ಫೈಲಲ್ಲಿ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಂತೆ, ಅಂದ್ರೆ ಬರೀ 3 ಸೆಕೆಂಡ್. ಕನ್ನಡಕ ಹಾಕ್ಕೊಳ್ಳೋಕೇ ನನಗೆ ಅದಕ್ಕಿಂತ ಜಾಸ್ತಿ ಬೇಕು.

ಶನಿವಾರ ಮಧ್ಯಾಹ್ನ ಶುರು ಮಾಡಿದೆ. ನಮ್ಮದು ಹಳೇ 100 ಎಂಬಿಪಿಎಸ್ ಸ್ವಿಚ್ಚು, 14 ಜಿಬಿ ಇಮೇಜು, ಒಂದೊಂದಕ್ಕೇ ಕಳಿಸ್ತಾ ಹೋದ್ರೆ ತಲಾ 20 ನಿಮಿಷ, 36ಕ್ಕೆ 12 ಗಂಟೆ. ಅದಕ್ಕೆ ಮಲ್ಟಿಕಾಸ್ಟ್ ಇಟ್ಟೆ, ಮದುವೆ ಪಂಕ್ತಿ ಥರ, ಎಲ್ರೂ ಕೂತ ಮೇಲೆ ಒಂದೇ ಸಲ ಬಡಿಸೋದು. 36 ಜನ ಸೇರೋವರೆಗೂ ಸರ್ವರ್ ಕಾಯ್ತಾ ಇರುತ್ತೆ.

35 ಸೇರಿದ್ವು. ನಿಂತ್ಬಿಡ್ತು. ಯಾವುದಪ್ಪಾ ಬಂದಿಲ್ಲ ಅಂತ ಸಾಲುಸಾಲು ಬಗ್ಗಿ ವೈರ್ ಅಲ್ಲಾಡಿಸ್ಕೊಂಡು ಹೋಗ್ತಿದ್ದೆ, ಅಷ್ಟರಲ್ಲಿ ಕರೆಂಟ್ ಹೋಗಿ ಬಂತು (ಲ್ಯಾಬ್‌ಗೆ ಯುಪಿಎಸ್ ಇದೆ), ಎರಡು ನಿಮಿಷಕ್ಕೆ 36 ಆಯ್ತು, ಕಾಪಿ ಓಡೋಕೆ ಶುರು! ಖುಷಿಗೆ ಅಟೆಂಡರ್‌ಗೆ ಮಂಡಕ್ಕಿ ಮಿರ್ಚಿ ತರೋಕೆ ದುಡ್ಡು ಕೊಟ್ಟೆ. ಮಿರ್ಚಿ ಅರ್ಧ ಕಚ್ಚಿದಾಗ ಕಣ್ಣು 17ನೇ ಕಂಪ್ಯೂಟರ್ ಮೇಲೆ ಬಿತ್ತು. ಪರದೆ ಕಪ್ಪಗಿತ್ತು. ಒಳಗೆ ಕರೆಂಟ್ ಕೊಡೋ ಡಬ್ಬಿ, ಎಸ್‌ಎಂಪಿಎಸ್, ಸುಟ್ಟಿತ್ತು.

ಹಂಗಾದ್ರೆ ಪಂಕ್ತೀಲಿ ಕೂತಿರೋ 36ನೇಯವರು ಯಾರು?

ಆಫೀಸ್‌ನ ಫೀಸ್ ಕೌಂಟರ್ ಕಂಪ್ಯೂಟರ್. ಅವರ ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿದೆ, ಕರೆಂಟ್ ಹೋಗಿ ಬಂದಾಗ ಅದು ತಾನೇ ಆನ್ ಆಗುತ್ತೆ. ಎಲ್ಲಿಂದ ಶುರುವಾಗ್ಬೇಕು ಅನ್ನೋ ಅದರ ಬೂಟ್ ಆರ್ಡರ್‌ನಲ್ಲಿ ನೆಟ್‌ವರ್ಕ್ ಮೊದಲು ಇತ್ತು, ಯಾವಾಗಲೋ ರಿಪೇರಿಗೆ ಅಂತ ಇಟ್ಟು ಮರೆತೋನು ಬೇರೆ ಯಾರೂ ಅಲ್ಲ, ನಾನೇ. ಎದ್ದ ತಕ್ಷಣ ಆ ಕಂಪ್ಯೂಟರ್ ಯಾರಾದ್ರೂ ಇದ್ದೀರಾ ಅಂತ ಕೂಗಿದೆ, ನನ್ನ ಸರ್ವರ್ ಬನ್ನಿ ಬನ್ನಿ ಕೂತ್ಕೊಳ್ಳಿ ಅಂದಿದೆ.

ಸೋಮವಾರ ಬೆಳಿಗ್ಗೆ ಕ್ಲರ್ಕ್ ಮೇಡಂ ಫೋನು. "ಏನ್ರೀ ಸರ್, ನನ್ನ ನುಡಿ ಸಾಫ್ಟ್‌ವೇರ್ ಎಲ್ಲಿ? ಫೀಸಿನ ಫೈಲೆಲ್ಲಿ? ಇಲ್ಲಿ ಹುಡುಗರ ಜಾವಾ ಬಂದು ಕೂತಿದೆಯಲ್ರೀ." ಓಡಿದೆ. ಇಮೇಜ್ ತೆಗೆದಿದ್ದು ನಾನು ದಿನಾ ಬಳಸೋ ಕಂಪ್ಯೂಟರ್‌ದು, ಬ್ರೌಸರ್ ಸಾಫ್ ಮಾಡೋಕೆ ಮರೆತಿದ್ದೆ, ಮೇಡಂ ಏನೋ ಹುಡುಕೋಕೆ ಹೋಗಿದ್ದಾರೆ, ನಾನು ಹಿಂದೆ ಹುಡುಕಿದ್ದೆಲ್ಲ ಸಾಲಾಗಿ ಬಂದಿದೆ. ನನ್ನ ತಲೆ ಕಡೆ ಒಂದು ಸಲ ನೋಡಿ ಮೆಲ್ಲಗೆ ಕೇಳಿದ್ರು, "ಈರುಳ್ಳಿ ರಸದಿಂದ ಏನಾದ್ರೂ ಗುಣ ಕಾಣ್ತಾ ಸರ್?" ಅದೇ ಪ್ರಶ್ನೆ ಲ್ಯಾಬಿನ 35 ಕಂಪ್ಯೂಟರ್‌ನಲ್ಲೂ ಹುಡುಗರಿಗೆ ಸಿಕ್ಕಿತು, ಅದು ಬೇರೆ ಕಥೆ.

ಪುಣ್ಯಕ್ಕೆ ಫೈಲ್ ಹೋಗಿರಲಿಲ್ಲ. ಮೇಡಂ ದಿನಾ ಸಂಜೆ ಎಲ್ಲಾ ಪೆನ್ ಡ್ರೈವ್‌ಗೆ ಹಾಕ್ಕೊಂಡು, ಎಲೆ ಅಡಿಕೆ ಚೀಲದ ಒಳಜೇಬಲ್ಲಿ ಇಟ್ಕೊಂಡು ಮನೆಗೆ ಒಯ್ತಾರೆ. ಕಂಪ್ಯೂಟರ್ ಮೇಲೆ ಅಷ್ಟೊಂದು ಅಪನಂಬಿಕೆನಾ ಮೇಡಂ ಅಂದೆ. "ಕಂಪ್ಯೂಟರ್ ಮೇಲಲ್ಲ ಸರ್" ಅಂದ್ರು.

ಈಗ ಮೆನುನಲ್ಲಿ ಮೊದಲನೇ ಸಾಲು ‘ಏನೂ ಮಾಡ್ಬೇಡ, ಇರೋದನ್ನೇ ಬೂಟ್ ಮಾಡು’. ಅಳಿಸೋದು ಕಟ್ಟಕಡೆಗೆ, ಅದಕ್ಕೊಂದು ಪಾಸ್‌ವರ್ಡ್. ಆದ್ರೂ ಮೇಡಂ ಐದು ಗಂಟೆಗೆ ಕಂಪ್ಯೂಟರ್‌ನ ನೀಲಿ ಕೇಬಲ್ ಕಿತ್ತು, ಡ್ರಾಯರ್‌ಗೆ ಹಾಕಿ ಬೀಗ ಜಡಿದೇ ಎದ್ದೇಳೋದು.

17ನೇದು ಇನ್ನೂ ಕಪ್ಪಗೇ ಇದೆ. ಹೊಸ ಎಸ್‌ಎಂಪಿಎಸ್‌ಗೆ ಇಂಡೆಂಟ್ ಹಾಕಿ ಮೂರು ವಾರ ಆಯ್ತು, ಅದನ್ನ ಟೈಪ್ ಮಾಡ್ಬೇಕಾಗಿರೋದು ಮೇಡಂ.