ಬರೆದುಕೊಟ್ಟ ಮಾತ್ರಕ್ಕೆ ಮಾಲೀಕ ಪಾರಾಗುವುದಿಲ್ಲ

ನೌಕರ ಮಾಡಿದ ತಪ್ಪಿಗೆ ಮಾಲೀಕ ಯಾವಾಗ ಹೊಣೆ ಎಂಬ ನಿಮ್ಮ ಲೇಖನ ಇಷ್ಟವಾಯಿತು. ಆದರೆ ‘ಮಾಡಬೇಡ ಎಂದು ಬರೆದುಕೊಟ್ಟಿದ್ದರೆ ನೌಕರನ ತಪ್ಪಿಗೆ ಮಾಲೀಕ ಹೊಣೆಯಲ್ಲ’ ಎಂದಿದ್ದೀರಲ್ಲ, ಅದು ಸರಿಯಲ್ಲ.

ಲಂಡನ್ನಿನ ಕುದುರೆ ಬಸ್ಸಿನ ಹಳೇ ಕೇಸು ನೋಡಿ, 1862ರದ್ದು. ಬೇರೆ ಬಸ್ಸಿನ ಜೊತೆ ಪೈಪೋಟಿ ಬೇಡ, ದಾರಿಗೆ ಅಡ್ಡ ಬರಬೇಡಿ ಎಂದು ಕಂಪನಿ ತನ್ನ ಚಾಲಕರಿಗೆ ಅಚ್ಚು ಹಾಕಿಸಿದ ಕಾರ್ಡನ್ನೇ ಕೊಟ್ಟಿತ್ತು. ಆದರೂ ಅವರಲ್ಲೊಬ್ಬ ಚಾಲಕ ಎದುರಾಳಿ ಬಸ್ಸಿಗೆ ಬೇಕಂತಲೇ ಅಡ್ಡ ಹಾಕಿದ. ಕಾರ್ಡು ಕೆಲಸಕ್ಕೆ ಬರಲಿಲ್ಲ, ಕಂಪನಿಯೇ ಹೊಣೆಯಾಯಿತು. ಅವನು ಮಾಡುತ್ತಿದ್ದದ್ದು ಕಂಪನಿಯ ಕೆಲಸವನ್ನೇ ತಾನೇ? ಕೆಟ್ಟದಾಗಿ ಮಾಡಿದ, ಅಷ್ಟೇ.

ಸ್ವಂತ ಹಗೆ ತೀರಿಸಿಕೊಳ್ಳಲು ಹೊರಟರೆ ಮಾತ್ರ ಲೆಕ್ಕ ಬೇರೆ. ಬ್ರಿಟನ್ನಿನ ಮಾರಿಸನ್ಸ್ ಅಂಗಡಿಗಳ ಲೆಕ್ಕಪರಿಶೋಧನೆ ವಿಭಾಗದವನೊಬ್ಬ, ಕಂಪನಿ ಮೇಲಿನ ಸಿಟ್ಟಿಗೆ, ಸುಮಾರು 1 ಲಕ್ಷ ಸಹೋದ್ಯೋಗಿಗಳ ಸಂಬಳದ ವಿವರವನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿ ಹೊಣೆಯಲ್ಲ ಎಂದಿತು. ನನಗಂತೂ ಇದು ಪೂರ್ತಿ ಒಪ್ಪಿಗೆಯಿಲ್ಲ. ಆ ಪಟ್ಟಿ ಅವನ ಕೈಗೆ ಬಂದಿದ್ದೇ ಕೆಲಸದ ದೆಸೆಯಿಂದ ಅಲ್ವಾ?

ಇನ್ನೊಂದು, ಮಾಲೀಕ ಹೊಣೆಯಾದರೂ ನೌಕರ ಬಚಾವಾಗುವುದಿಲ್ಲ. ಪರಿಹಾರವನ್ನು ಇಬ್ಬರಿಂದಲೂ ಕೇಳಬಹುದು. ಮಾಲೀಕನ ಜೇಬು ದೊಡ್ಡದು, ಹಾಗಾಗಿ ಜಾಸ್ತಿ ಜನ ಅಲ್ಲಿಗೇ ಹೋಗುತ್ತಾರೆ.