ಬೈಯುವವರಿಲ್ಲದ ಅಂಗಡಿ

ಸೂಪರ್ ಮಾರ್ಕೆಟ್ಟಿನಲ್ಲಿ ನಮ್ಮನ್ನು ಯಾರೂ ಬೈಯುವುದಿಲ್ಲ. ಅದೇ ಅದರ ದೊಡ್ಡ ಕೊರತೆ.

ನಾನು ತರಕಾರಿ ತರುವುದು ಮಂಗಳೂರಿನ ಕದ್ರಿ ಮಾರ್ಕೆಟ್ಟಿನಿಂದ. ಅದೂ ಒಬ್ಬರೇ ಅಕ್ಕನ ಹತ್ತಿರ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದಕ್ಕೂ ಬೈಗುಳ ತಿನ್ನಬೇಕಾಗುತ್ತದೆ. ಅವರ ರಾಶಿಯಿಂದ ನಾನು ಒಂದು ಮಂಗಳೂರು ಸೌತೆ ಎತ್ತಿಕೊಂಡೆ ಅಂದುಕೊಳ್ಳಿ. "ಅದನ್ನು ಅಲ್ಲೇ ಇಡಿ. ಇವತ್ತು ಮಾಡ್ಲಿಕ್ಕಾ, ಕಟ್ಟಿ ಇಡ್ಲಿಕ್ಕಾ?" ಅಂತ ವಿಚಾರಣೆ ಶುರು. ಹಿಂದೆ ನಮ್ಮ ಕಡೆ ಬೇಸಿಗೆಯಲ್ಲಿ ಬೆಳೆದ ಸೌತೆಯನ್ನು ಬಾಳೆ ನಾರಿನಲ್ಲಿ ಕಟ್ಟಿ ಮಾಡಿಗೆ, ಅಂದರೆ ಛಾವಣಿಗೆ, ನೇತು ಹಾಕುತ್ತಿದ್ದರು. ಮಳೆಗಾಲ ಪೂರ್ತಿ ಅದೇ ಸಾಂಬಾರು, ಅದೇ ಪಲ್ಯ. ನಮ್ಮ ಫ್ಲ್ಯಾಟಿನಲ್ಲಿ ನೇತು ಹಾಕಲು ಇರುವುದು ಫ್ಯಾನ್ ಮಾತ್ರ. "ಇವತ್ತಿಗೇ" ಅಂದೆ. ನಾನು ಎತ್ತಿದ್ದನ್ನು ಕಸಿದು ಬೇರೆಯದೇ ಕೊಟ್ಟರು. ಎರಡರಲ್ಲಿ ಏನು ವ್ಯತ್ಯಾಸ ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಬಸಳೆಯದ್ದು ಇನ್ನೂ ಉದ್ದದ ಕಥೆ. "ಬಸಳೆಗೆ ಎಂತ ಹಾಕ್ತೀರಿ?" ಅಂತ ಕೇಳುತ್ತಾರೆ. "ತೊಗರಿಬೇಳೆ" ಅಂದದ್ದೇ ತಡ, ಪಕ್ಕದ ಬಾಳೆಹಣ್ಣಿನವರನ್ನು ಕರೆದು, "ಕೇಳಿದ್ರಾ? ಬಸಳೆಗೆ ತೊಗರಿಬೇಳೆಯಂತೆ!" ಅಂತ ಊರಿಗೆಲ್ಲ ಸಾರಿದರು. ಸಿಗಡಿ ಹಾಕಬಹುದು, ಮರುವಾಯಿ ಅನ್ನುವ ಚಿಪ್ಪುಮೀನು ಹಾಕಬಹುದು, ಅದೆಲ್ಲ ತಿನ್ನದವರು ಹಲಸಿನ ಬೀಜ ಹಾಕಬಹುದು. ತೊಗರಿಬೇಳೆ ಘಟ್ಟದ ಮೇಲಿನವರ ಕೆಲಸ ಅನ್ನುವುದು ಅವರ ತೀರ್ಪು. ಆಮೇಲೆ ಚೀಲಕ್ಕೆ ಒಂದು ಹಿಡಿ ಹಲಸಿನ ಬೀಜ ಬಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಶಿಕ್ಷೆಗೆ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ?

ಅದೇ ಬಸಳೆಯನ್ನು ಸೂಪರ್ ಮಾರ್ಕೆಟ್ಟಿನಲ್ಲಿ ನೋಡಬೇಕು ನೀವು. ಎಲೆ ಮಾತ್ರ ಕಿತ್ತು, ತೊಳೆದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಜೋಡಿಸಿ, ಮೇಲೆ ಪಾರದರ್ಶಕ ಹಾಳೆ ಸುತ್ತಿ ಇಟ್ಟಿರುತ್ತಾರೆ. ದಂಟು ಇಲ್ಲವೇ ಇಲ್ಲ. ಬಸಳೆಯಲ್ಲಿ ನಮಗೆ ಬೇಕಾದದ್ದೇ ದಂಟು! ಬೆರಳುದ್ದಕ್ಕೆ ಕತ್ತರಿಸಿದ ದಪ್ಪ ದಂಟು ತೆಂಗಿನಕಾಯಿ ಮಸಾಲೆಯಲ್ಲಿ ಬೆಂದು, ರಾತ್ರಿ ಕಳೆದು, ಮರುದಿನ ನೀರುದೋಸೆಯ ಜೊತೆ ಬರಬೇಕು. ಆ ದಂಟನ್ನು ಯಾರು ಕತ್ತರಿಸಿ ಎಸೆದರು, ಯಾಕೆ ಎಸೆದರು? ಕೇಳೋಣ ಅಂದರೆ ಅಲ್ಲಿ ಯಾರಿದ್ದಾರೆ? ಎಸಿ ಇದೆ, ಹಾಡು ಇದೆ, ಅಷ್ಟೇ.

ಹಾಗಂತ ನಾನು ಅಲ್ಲಿಗೆ ಹೋಗುವುದೇ ಇಲ್ಲ ಅಂತಲ್ಲ. ಜುಲೈ ತಿಂಗಳ ಮಂಗಳೂರಿನಲ್ಲಿ ಎಂಥಾ ಸಿದ್ಧಾಂತವಾದರೂ ನೆನೆದು ಮುದ್ದೆಯಾಗುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಬೆಂಡೆಕಾಯಿಯ ತುದಿ ಮುರಿದು ನೋಡಲು ಮೂರನೇ ಕೈ ದೇವರು ಕೊಟ್ಟಿಲ್ಲ. ಅಂಥ ಒಂದು ದಿನ ಉಡುಪಿ ಹತ್ತಿರದ ಕಟಪಾಡಿಯಿಂದ ಅತ್ತೆ ಬಂದಿದ್ದರು. ಗಾಳಿ ಕೊಡೆಯನ್ನು ಮೇಲೆ ಕೆಳಗೆ ಮಾಡುತ್ತಿತ್ತು. "ಇವತ್ತು ಸೂಪರ್ ಮಾರ್ಕೆಟ್ಟಿಗೇ ಹೋಗುವ ಅತ್ತೆ, ಕಾರು ಒಳಗಿನವರೆಗೆ ಹೋಗ್ತದೆ" ಅಂದೆ. ಯಾವ ಸೂಪರ್ ಮಾರ್ಕೆಟ್ ಅಂತ ಕೇಳಬೇಡಿ. ಎಲ್ಲ ಒಂದೇ ಥರ ಇರುತ್ತವಲ್ಲ.

ಅತ್ತೆ ಮೊದಲು ನಿಂತದ್ದು ತೆಂಗಿನಕಾಯಿಯ ಮುಂದೆ. ಅಲ್ಲಿ ಪ್ರತಿ ಕಾಯಿಗೂ ಪ್ಲಾಸ್ಟಿಕ್ ಅಂಗಿ. ಜುಟ್ಟು ಇಲ್ಲ. ಹೊಟ್ಟೆಯ ಮೇಲೆ ಬೆಲೆಯ ಚೀಟಿ. ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಉಗುರಿನಿಂದ ಬಡಿದರು. ಪ್ಲಾಸ್ಟಿಕ್ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಎರಡೂ ಕೈಗೆ ಒಂದೊಂದು ಕಾಯಿ ತೆಗೆದುಕೊಂಡು ಒಂದಕ್ಕೊಂದು ಕುಟ್ಟಿದರು. ಟಕ್. ಟಕ್. ಆ ತಣ್ಣನೆಯ ಮೌನದಲ್ಲಿ ಆ ಸದ್ದು ಶಾಂಪೂ ಸಾಲಿನವರೆಗೂ ಹೋಯಿತು. ಸೆಕ್ಯುರಿಟಿಯವನು ಓಡಿ ಬಂದ.

"ಏನಾಯ್ತಮ್ಮ?"

"ಎಂತ ಆಗ್ಲಿಕ್ಕುಂಟು? ಇದು ಮಾತಾಡುದಿಲ್ಲ ಮಾರಾಯ."

ಅವನು ಸುತ್ತ ನೋಡಿದ. ಬೇರೆ ಸ್ಟಾಫ್ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತಾನೂ ಒಂದನ್ನು ಎತ್ತಿ ಬಡಿದು ಕೇಳಿದ. "ಇದು ಸ್ವಲ್ಪ ಹಳತು" ಅಂದ. ಇನ್ನೊಂದು ಬಡಿದ. "ಇದು ಆಗಬಹುದು." ಫ್ರೀಜರ್ ಹತ್ತಿರ ಇದ್ದ ಇಬ್ಬರು ಹೆಂಗಸರು ತಳ್ಳುಗಾಡಿ ಅಲ್ಲೇ ಬಿಟ್ಟು ಬಂದು, "ನಮಗೂ ಎರಡು ನೋಡಿ ಕೊಡಿ" ಅಂದರು. ಅವನ ಕೆಲಸ ಕಳ್ಳರನ್ನು ಹಿಡಿಯುವುದು. ಐದು ನಿಮಿಷ ತೆಂಗಿನಕಾಯಿ ವೈದ್ಯನಾದ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ಬುಟ್ಟಿಯಲ್ಲಿ ಹಸಿರು ಬಣ್ಣದ ಉರುಟು ಬದನೆ ಇತ್ತು. ಮೇಲೆ "ಮಟ್ಟುಗುಳ್ಳ" ಅಂತ ಬೋರ್ಡು. ನನಗೆ ಎದೆ ಧಸಕ್ಕೆಂದಿತು. ಅತ್ತೆಯ ಊರು ಕಟಪಾಡಿ ಅಂದೆನಲ್ಲ, ಮಟ್ಟು ಅಲ್ಲಿಂದ ಕೂಗಳತೆಯಲ್ಲಿದೆ. ಗುಳ್ಳದ ಬೀಜ ಕೊಟ್ಟದ್ದು ಸೋದೆ ಮಠದ ವಾದಿರಾಜ ಸ್ವಾಮಿಗಳು ಅಂತ ಅಲ್ಲಿಯವರ ನಂಬಿಕೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ಬಂದಾಗ ಊಟದ ಹುಳಿಗೆ ಈ ಗುಳ್ಳವೇ ಆಗಬೇಕು. ಸಿಪ್ಪೆ ತೆಳು, ಬೆಂದರೆ ಬೆಣ್ಣೆ. 2011ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಕೂಡ ಸಿಕ್ಕಿತು. ಅಂದರೆ ಬೇರೆ ಊರಿನ ಬದನೆ ಈ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ. ಅತ್ತೆಗೆ ಆ ಟ್ಯಾಗ್ ಬೇಕಾಗಿಲ್ಲ, ಅವರೇ ಒಂದು ಟ್ಯಾಗ್.

ತೂಕ ಮಾಡುವ ಹುಡುಗನನ್ನು ಕರೆದರು. "ಮಗಾ, ಇದು ಎಲ್ಲಿಯದ್ದು?"

"ಮಟ್ಟುಗುಳ್ಳ ಅಮ್ಮ. ಲೋಕಲ್."

"ಈಗ ಯಾವ ತಿಂಗಳು?"

ಹುಡುಗ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ. ಪಾಪ, ಅವನಿಗೆ ಯಾರು ಹೇಳಬೇಕು? ಮಳೆ ಮುಗಿದು ಗದ್ದೆ ಒಣಗಿದ ಮೇಲೆ ನೆಡುವ ಗುಳ್ಳ ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಎಲ್ಲಿಂದ ಬರಬೇಕು? ಅತ್ತೆ ಅದನ್ನೇ ಅವನಿಗೆ ವಿವರಿಸಿದರು. ಗದ್ದೆ, ಮಣ್ಣು, ಗೊಬ್ಬರ, ವಾದಿರಾಜರು, ಎಲ್ಲ. ಹಿಂದೆ ತೂಕಕ್ಕೆ ನಿಂತವರ ಸಾಲು ಬೆಳೆಯಿತು. ಕೊನೆಗೆ ಅವನು, "ಅಮ್ಮ, ಇದಕ್ಕೆ ಮೆಷಿನ್‌ನಲ್ಲಿ ಬ್ರಿಂಜಾಲ್ ಗ್ರೀನ್ ರೌಂಡ್ ಅಂತಲೇ ಇದೆ. ಬೋರ್ಡು ಮಾತ್ರ ಹಾಗೆ" ಅಂತ ಗುಟ್ಟು ಬಿಟ್ಟುಕೊಟ್ಟ. ಅತ್ತೆಗೆ ಸಮಾಧಾನವಾಯಿತು. ಕಾಲು ಕಿಲೋ ತೆಗೆದುಕೊಂಡರು ಕೂಡ. ಬದನೆಯ ಮೇಲೆ ಅವರಿಗೆ ಸಿಟ್ಟಿಲ್ಲ.

ಎಕ್ಸಾಟಿಕ್ ಅಂತ ಬರೆದ ಶೆಲ್ಫಿನಲ್ಲಿ ಬ್ರೊಕೊಲಿ, ಜುಕಿನಿಗಳ ಪಕ್ಕ ಅರ್ಧ ಜೀಗುಜ್ಜೆ (ದೀವಿಹಲಸು) ಮಲಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಮನೆಯವರು ಸುಮ್ನೆ ಕೊಡುವ ಜೀಗುಜ್ಜೆ! ನಗು ಬಂತು. ಆದರೆ ನ್ಯಾಯವಾಗಿ ನೋಡಿದರೆ ಆ ಶೆಲ್ಫಿನವರೇ ಸರಿ. ಜೀಗುಜ್ಜೆಯ ಮೂಲ ಪೆಸಿಫಿಕ್ ಸಾಗರದ ದ್ವೀಪಗಳ ಕಡೆ. ನಮ್ಮ ಹಿತ್ತಿಲಿಗೆ ಬಂದು, ಪೋಡಿ ಅನ್ನುವ ಬಜ್ಜಿಯಾಗಿ, ಪಲ್ಯವಾಗಿ, ನಮ್ಮದೇ ಆಗಿಬಿಟ್ಟಿದೆ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಇದನ್ನೆಲ್ಲ ಅತ್ತೆಗೆ ಹೇಳಲು ಹೋಗಲಿಲ್ಲ. ತೂಕದ ಹುಡುಗನ ಗತಿ ಆಗಷ್ಟೇ ನೋಡಿದ್ದೆ.

ಮೀನಿನದ್ದು ಬೇರೆಯೇ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೂ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಬಂಗುಡೆ ನಗುತ್ತಲೇ ಇರುತ್ತದೆ. ನಮ್ಮ ಮೀನಿನ ಅಕ್ಕ ಆ ದಿನಗಳಲ್ಲಿ ಬುಟ್ಟಿಯ ಮೇಲೆ ಕೈ ಅಡ್ಡ ಇಟ್ಟು, ಸಣ್ಣ ಸ್ವರದಲ್ಲಿ, "ಇವತ್ತು ನಿಮಗೆ ಬೇಡ, ಐಸಿನದ್ದು" ಅನ್ನುತ್ತಾರೆ. ಮತ್ತೆ ಅದು ಯಾರಿಗೆ ಅಂತ ನಾನು ಕೇಳುವುದಿಲ್ಲ. ನನ್ನ ಹಿಂದೆ ನಿಂತವರು ಕೇಳಿಸಿಕೊಳ್ಳದೆ ಇದ್ದರೆ ಸಾಕು.

ಮಾರ್ಕೆಟ್ಟಿಗೆ ಪಂಚಾಂಗ ಬಾಯಿಪಾಠ. ನಾಗರಪಂಚಮಿಗೆ ಅರಸಿನ ಎಲೆ, ಅಡಿಕೆಯ ಹಿಂಗಾರ, ಕೆಂದಾಳಿ ಸೀಯಾಳ. ಅಷ್ಟಮಿಯ ಮುನ್ನಾದಿನ ಇಡ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸುವ ಓಲೆಯ ಕೊಟ್ಟೆ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಹಬ್ಬ, ಮೇರಿ ಮಾತೆಯ ಹುಟ್ಟುಹಬ್ಬ. ಅವತ್ತು ಅವರ ಮನೆಗಳಲ್ಲಿ ಮೀನು ಮಾಂಸ ಇಲ್ಲ, ತರಕಾರಿ ಊಟ. ತರಕಾರಿಯ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು. ಒಮ್ಮೆ ಹಬ್ಬದ ಹಿಂದಿನ ದಿನ ನನ್ನ ಮುಂದೆ ಒಬ್ಬರು ಬಾಯಿ, ಅಂದರೆ ಕ್ರೈಸ್ತ ಹೆಂಗಸು, ನಿಂತಿದ್ದರು. ಬೆಂಡೆ, ಅಲಸಂಡೆ, ಹೀರೆ, ಹಾಗಲ, ಕೆಸುವಿನ ದಂಟು, ಕುಂಬಳ, ತೊಂಡೆ, ಹರಿವೆ ಎಲ್ಲ ಚೀಲಕ್ಕೆ ಹೋಗಿತ್ತು. ದುಡ್ಡು ಕೊಡಲು ಪರ್ಸ್ ತೆಗೆದರು. ನಮ್ಮ ತರಕಾರಿ ಅಕ್ಕ ಬೆರಳು ಮಡಚಿ ಎಣಿಸಿದರು. "ಎಂಟಾಯ್ತು ಬಾಯಿ! ಒಂದೋ ಒಂದು ಬಿಡಿ, ಇಲ್ಲದಿದ್ರೆ ಒಂದು ಸೇರಿಸಿ." ಬಿಡಿ ಅಂದದ್ದು ಮಾತಿಗೆ ಮಾತ್ರ, ಕೈ ಆಗಲೇ ಅಂಬಡೆಯ ರಾಶಿಯಲ್ಲಿತ್ತು. ಯಾವ ಕಂಪ್ಯೂಟರ್ ಬಿಲ್ ಹೀಗೆ ತಡೆದು ನಿಲ್ಲಿಸುತ್ತದೆ ಹೇಳಿ? ವ್ಯಾಪಾರಕ್ಕೆ ವ್ಯಾಪಾರವೂ ಆಯಿತು, ಬಾಯಿಯವರ ಹಬ್ಬವೂ ಉಳಿಯಿತು.

ಈಗ ಮಾರ್ಕೆಟ್ಟಿನಲ್ಲೂ ಎಲ್ಲರ ಹತ್ತಿರ ಕ್ಯೂಆರ್ ಕೋಡ್ ಇದೆ. ಅದರಿಂದ ಒಂದು ಅನ್ಯಾಯ ಆಗಿದೆ. ಮೊದಲು "ಚಿಲ್ಲರೆ ಇಲ್ಲ ಅಕ್ಕ" ಅಂದರೆ ಎರಡು ಮೂರು ರೂಪಾಯಿ ಬಿಟ್ಟುಬಿಡುತ್ತಿದ್ದರು. ಈಗ ಆ ಕೋಡಿನ ಜೊತೆಗಿನ ಮಾತಾಡುವ ಪೆಟ್ಟಿಗೆ ಪೈಸೆ ಸಮೇತ ಕೂಗಿ ಹೇಳುತ್ತದೆ. ಪಕ್ಕದವರ ಮುಂದೆ ಮರ್ಯಾದೆಯ ಪ್ರಶ್ನೆ, ಚೌಕಾಸಿಯನ್ನು ಪಿಸುಮಾತಿನಲ್ಲಿ ಮುಗಿಸಬೇಕು.

ಆದರೆ ಕೊಸರು ಮಾತ್ರ ಇನ್ನೂ ಉಳಿದಿದೆ. ಎಷ್ಟೇ ಚೌಕಾಸಿ ಮಾಡಿದರೂ ಕೊನೆಗೆ ಚೀಲದ ಮೇಲೆ ಒಂದೆರಡು ಕಡ್ಡಿ ಕರಿಬೇವು, ನಾಲ್ಕು ಹಸಿಮೆಣಸು ಬಂದು ಬೀಳುತ್ತದೆ. ಅತ್ತೆಗೆ ಅದು ಹಕ್ಕು. ಹಾಗಾಗಿ ಆ ಮಳೆಯ ದಿನ ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನಲ್ಲಿ ಎಲ್ಲ ಮುಗಿದು, ಚೀಲಕ್ಕೂ ಬೇರೆ ದುಡ್ಡು ಕೊಟ್ಟ ಮೇಲೆ, ಅವರು ಅಲ್ಲಿಂದ ಕದಲಲಿಲ್ಲ.

"ಸ್ವಲ್ಪ ಕರಿಬೇವಿನ ಸೊಪ್ಪು ಹಾಕು ಮಗಾ."

"ಬಿಲ್ ಆಗಿದೆ ಅಮ್ಮ. ಅದು ಅಲ್ಲಿ ಪ್ಯಾಕೆಟ್ಟಿನಲ್ಲಿ ಇದೆ."

"ಪ್ಯಾಕೆಟ್ಟಿನದ್ದು ಬೇಡ. ಸುಮ್ನೆ ಎರಡು ಕಡ್ಡಿ."

ಹುಡುಗ ನನ್ನನ್ನು ನೋಡಿದ. ನಾನು ಚಾಕಲೇಟ್ ಸ್ಟ್ಯಾಂಡ್ ನೋಡಿದೆ. ಅವನು ಮ್ಯಾನೇಜರನ್ನು ಕರೆದ. ಟೈ ಕಟ್ಟಿದ ಮ್ಯಾನೇಜರ್ ಬಂದು, ವಿಷಯ ಕೇಳಿ, ತುಂಬ ಗೌರವದಿಂದ ಒಂದು ಫಾರ್ಮ್ ಕೊಟ್ಟರು. "ಮೆಂಬರ್ ಆಗಿ ಅಮ್ಮ. ಪ್ರತಿ ಸಲ ಖರೀದಿ ಮಾಡಿದಾಗ ನಿಮಗೆ ಪಾಯಿಂಟ್ ಸಿಗ್ತದೆ."

ಅತ್ತೆ ಕನ್ನಡಕ ಏರಿಸಿಕೊಂಡು ಫಾರ್ಮನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಆಯ್ತು. ಎಷ್ಟು ಪಾಯಿಂಟಿಗೆ ಒಂದು ಕಡ್ಡಿ?"